ಪೊಳಲಿಯ ಚಾವಡಿಯಲ್ಲಿ ಕಾಣದ ವಯರು

ಮಂಗಳೂರಿನಿಂದ ಹೊರಟ ಬಸ್ಸು ಗುರುಪುರ ಕೈಕಂಬದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗುತ್ತದೆ. ಅಲ್ಲಿಂದ ರಸ್ತೆಯ ಅಗಲ ಕಡಿಮೆ, ತಿರುವು ಜಾಸ್ತಿ, ಡ್ರೈವರನ ಧೈರ್ಯ ಇನ್ನೂ ಜಾಸ್ತಿ. ಅಡ್ಡೂರು ಸೇತುವೆಯ ಮೇಲೆ ಬಂದಾಗ ಕೆಳಗೆ ಫಲ್ಗುಣಿ. ಬಂಡೆಗಳ ನಡುವೆ ಸದ್ದು ಮಾಡುತ್ತ ಹರಿಯುವ ಕಾವೇರಿಯನ್ನೇ ಹೊಳೆ ಎಂದುಕೊಂಡು ಬೆಳೆದ ಮೈಸೂರಿನವನಿಗೆ, ತೆಂಗಿನ ನೆರಳು ಹೊತ್ತು ತೆಪ್ಪಗೆ ಬಿದ್ದಿರುವ ಈ ನೀರು ಹರಿಯುತ್ತಿದೆಯೋ ಇಲ್ಲವೋ ಎಂದೇ ಅನುಮಾನ. ಮಾರ್ಚ್ ತಿಂಗಳ ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿದೆ.

ಪೊಳಲಿಯಲ್ಲಿ ಇಳಿದರೆ ಎದುರಿಗೇ ಕಲ್ಲಂಗಡಿ ರಾಶಿ. ಜಾತ್ರೆಗೆ ಬಂದವರು ದೇವರಿಗೆ ಕೈಮುಗಿದು ಬಗಲಲ್ಲೊಂದು ಕಲ್ಲಂಗಡಿ ಇಟ್ಟುಕೊಂಡೇ ಮನೆಗೆ ಹೋಗಬೇಕು. ತಿಂಗಳ ಹತ್ತಿರ ನಡೆಯುವ ಈ ಜಾತ್ರೆ ಇಷ್ಟೇ ದಿನ ಎಂದು ಮೊದಲೇ ಗೊತ್ತಿರುವುದಿಲ್ಲ. ಪ್ರತಿವರ್ಷವೂ ‘ಕುದಿ’ ಕರೆದು ಸಾರುತ್ತಾರೆ. ದಸರೆಯ ದಿನಗಳನ್ನು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿ ನೋಡಿಟ್ಟುಕೊಳ್ಳುವ ನಮ್ಮೂರಿನವರಿಗೆ ಇದನ್ನು ಹೇಗೆ ನಂಬಿಸಲಿ?

ದೇವಸ್ಥಾನದ ಒಳಗೆ ಇನ್ನೊಂದು ಬೆರಗು. ಗರ್ಭಗುಡಿಯಲ್ಲಿ ಕೂತಿರುವ ರಾಜರಾಜೇಶ್ವರಿ ಆಳೆತ್ತರ ಮೀರಿದ ಮೂರ್ತಿ, ಅದೂ ಮಣ್ಣಿನದು. ಕಲ್ಲಿನ ದೇವರಿಗೆ ಕೊಡಗಟ್ಟಲೆ ನೀರು ಸುರಿಯುವುದನ್ನು ನೋಡಿದ ಕಣ್ಣಿಗೆ, ಲೇಪಾಷ್ಟಗಂಧದಿಂದ ಕಾಪಾಡಿಕೊಂಡು ಬಂದ ಈ ಮಣ್ಣಿನ ಮೈ ಹೊಸದು.

ನಾನು ಬಂದದ್ದು ದೇವರಿಗೆ, ಜೊತೆಗೆ ಒಂದು ತಾಳಮದ್ದಳೆಗೆ. ತೋಟದ ಸಂಕ ದಾಟಿ ಹೋದರೆ ಒಂದು ಹಂಚಿನ ಮನೆ. ಚಾವಡಿಯಲ್ಲಿ ಚಾಪೆ, ಚೆಂಡೆ, ಮದ್ದಳೆ, ಐದು ಮೈಕು. ಪ್ರಸಂಗ ‘ಪಂಚವಟಿ’. ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಹಿಂದೆ ಮನೆಯ ಹುಡುಗ. ಎಂಜಿನಿಯರಿಂಗ್ ಓದಿದವನು, ವಾರಾಂತ್ಯದಲ್ಲಿ ಊರಿನ ಆಟ, ಕೂಟಗಳನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಾನೆ. ನೋಡುವವರು ಮುಂಬಯಿಯಲ್ಲಿ, ದುಬೈಯಲ್ಲಿ. ನಾನು ಹುಡುಕುತ್ತಿದ್ದದ್ದು ಶ್ರುತಿಪೆಟ್ಟಿಗೆಯನ್ನು. ಎಲ್ಲೂ ಇಲ್ಲ!

“ಶ್ರುತಿ ಇದರೊಳಗೇ ಉಂಟು ಮಾರ್ರೆ,” ಎಂದು ಪರದೆ ತೋರಿಸುತ್ತಾನೆ. ರೀಪರ್ ಎಂಬ ಸಂಗೀತದ ತಂತ್ರಾಂಶ. ಅದರೊಳಗೆ ತಂಬೂರಿ, ಕಪ್ಪು ಮೂರಕ್ಕೆ ಕೂರಿಸಿದ್ದು. ಭಾಗವತರು ಕಿವಿಗೆ ಹೆಡ್‌ಫೋನು ಏರಿಸಿ ಜಾಗಟೆ ಹಿಡಿದು ಕೂತಿದ್ದಾರೆ. ಶಾಲು, ಕುಂಕುಮ, ಹೆಡ್‌ಫೋನು. ನನಗೆ ನಗು ಬಂತು, ಅವರಿಗೂ ಬಂತು.

“ಭಾಗವತರ ಕಿವಿಗೆ ಬರ್ತದೆ, ಲೈವಿಗೆ ಹೋಗೂದಿಲ್ಲ. ಅದೇ ನಮ್ಮ ತಾಪತ್ರಯ,” ಎನ್ನುತ್ತಾನೆ ಹುಡುಗ. ಕಾರಣ ಸ್ವಾರಸ್ಯದ್ದು. ಪರದೆಯ ಚಿತ್ರವನ್ನೂ ಸದ್ದನ್ನೂ ಹಿಡಿದು ಹೊರಗೆ ಕಳಿಸುವುದು ಓಬಿಎಸ್ ಎಂಬ ಇನ್ನೊಂದು ತಂತ್ರಾಂಶ. ಅದು ಕಿವಿಗೊಟ್ಟಿರುವುದು ವಿಂಡೋಸಿನ ಮಾಮೂಲಿ ಸದ್ದಿನ ದಾರಿಗೆ. ಸಂಗೀತದ ತಂತ್ರಾಂಶಕ್ಕೆ ಅಷ್ಟು ಪುರುಸೊತ್ತಿಲ್ಲ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಎಎಸ್‌ಐಒ ಎಂಬ ಒಳದಾರಿ ಹಿಡಿದು ಅದು ನೇರ ಹಾರ್ಡ್‌ವೇರಿಗೇ ಇಳಿಯುತ್ತದೆ. ಒಳದಾರಿ ಬೇಕೇ ಬೇಕು. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 1,024 ಮಾದರಿ ಕೂಡಿಹಾಕಿ ಕೊಟ್ಟರೆ 21 ಮಿಲಿಸೆಕೆಂಡು ತಡ. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಏಳು ಮೀಟರು ನಡೆದಿರುತ್ತದೆ. ಭಾಗವತರಿಗೆ ತಮ್ಮ ದನಿಯೇ ಅಂಗಳದಾಚೆಯಿಂದ ಬಂದ ಹಾಗೆ. ಮಾದರಿಗಳನ್ನು 128ಕ್ಕೆ ಇಳಿಸಿದರೆ ಒಂದು ಮೀಟರಿಗೂ ಕಡಿಮೆ.

“ಸ್ಪೀಕರಿನಲ್ಲಿ ಶ್ರುತಿ ಹಾಕಿ ಮೈಕಿಗೆ ಕೇಳಿಸಿದರೆ ಆಗದೇ?” ನಾನು ಜಾಣತನ ತೋರಿಸಿದೆ. ಅವನು ಫ್ಯಾನಿನ ಕಡೆ ಕೈ ತೋರಿಸಿದ. ಈ ಸೆಕೆಯಲ್ಲಿ ಫ್ಯಾನ್ ನಿಲ್ಲಿಸುವ ಹಾಗಿಲ್ಲ. ಅದರ ಗುಂಯ್‌ಗುಡುವಿಕೆ ಅಳಿಸಲು ಅರ್ಥಧಾರಿಗಳ ಮೈಕಿಗೆ ಗದ್ದಲ ಕಳೆಯುವ ಫಿಲ್ಟರ್ ಹಾಕಿದ್ದಾನೆ. ಆ ಫಿಲ್ಟರಿಗೆ ಗೊತ್ತಿರುವುದು ಮಾತೊಂದೇ. ಏರಿಳಿತವಿಲ್ಲದೆ ಒಂದೇ ಸಮನೆ ಮೊರೆಯುವ ತಂಬೂರಿಯನ್ನೂ ಅದು ಫ್ಯಾನೆಂದೇ ತಿಳಿದು ನುಂಗಿಬಿಡುತ್ತದೆ! ತಂಬೂರಿ ಮೀಟುತ್ತ ಕೂರುವುದನ್ನೇ ಒಂದು ವ್ರತದಂತೆ ಕಂಡ ನಮ್ಮೂರಿನ ಸಂಗೀತದ ಮೇಷ್ಟರಿಗೆ ಇದನ್ನು ಹೇಳಿದರೆ ಅವರು ಲ್ಯಾಪ್‌ಟಾಪನ್ನು ಫಲ್ಗುಣಿಗೆ ಎಸೆದಾರು.

ಹಾಗಾಗಿ ಕಾಣದ ವಯರು. ರಿಯಾಸ್ಟ್ರೀಮ್ ಎಂಬ ಪುಟ್ಟ ಪ್ಲಗಿನ್ನನ್ನು ರೀಪರಿನಲ್ಲಿ ಒಂದು, ಓಬಿಎಸ್‌ನ ಖಾಲಿ ಆಡಿಯೋ ಮೂಲವೊಂದಕ್ಕೆ ಇನ್ನೊಂದು ಕೂರಿಸುತ್ತಾನೆ. ಎರಡಕ್ಕೂ ಒಂದೇ ಹೆಸರು; ಒಂದಕ್ಕೆ ಕಳಿಸುವ ಕೆಲಸ, ಇನ್ನೊಂದಕ್ಕೆ ಪಡೆಯುವ ಕೆಲಸ. ಬೇರೆ ಬೇರೆ ಕಂಪ್ಯೂಟರುಗಳ ನಡುವೆ ನೆಟ್‌ವರ್ಕಿನಲ್ಲಿ ಸದ್ದು ಸಾಗಿಸಬಲ್ಲ ಉಪಾಯ ಇಲ್ಲಿ ಒಂದೇ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ನಡೆಯುತ್ತದೆ. ಓಬಿಎಸ್‌ನ ಸಾಲಿನಲ್ಲಿ ಹಸಿರು ಪಟ್ಟಿಯೊಂದು ಮಿಣುಕುತ್ತದೆ. ಹತ್ತಿಪ್ಪತ್ತು ಸೆಕೆಂಡು ಕಳೆದು ಮುಂಬಯಿಯಿಂದ ಸಂದೇಶ: ಶ್ರುತಿ ಬಂತು.

ಮ್ಯಾಕ್ ಇದ್ದವರು ಬ್ಲ್ಯಾಕ್‌ಹೋಲ್ ಎಂಬ ನಕಲಿ ಸ್ಪೀಕರು ಹಾಕಿಕೊಳ್ಳುತ್ತಾರಂತೆ. ಎಎಸ್‌ಐಒ ಬೇಡವೆನ್ನುವ ವಿಂಡೋಸಿನವರಿಗೆ ವಿಬಿ ಕೇಬಲ್ ಉಂಟು. ಮದ್ದಳೆ ಪಾಠದ ವಿಡಿಯೋ ಮಾಡುವಾಗಲೂ ಅವನದು ಇದೇ ದಾರಿ: ಪರದೆಯಲ್ಲಿ ತಾಳದ ಲೆಕ್ಕ ಓಡುತ್ತದೆ, ಮೈಕಿನಲ್ಲಿ ಅವನ ಮಾತು, ಒಳಗಿನಿಂದ ಶ್ರುತಿ.

ರಾಮ ಶೂರ್ಪನಖಿಯ ಜೊತೆ ವಾದಕ್ಕೆ ಇಳಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಇನ್‌ವರ್ಟರ್ ಲ್ಯಾಪ್‌ಟಾಪನ್ನೂ ಇಂಟರ್ನೆಟ್ಟನ್ನೂ ಹಿಡಿದುಕೊಂಡಿತು, ಫ್ಯಾನನ್ನು ಬಿಟ್ಟಿತು. ಸೊಳ್ಳೆಗಳಿಗೆ ಮಾತ್ರ ಯಾವ ಫಿಲ್ಟರೂ ಇಲ್ಲ. ಕತ್ತಲಲ್ಲೇ ಹುಡುಗನ ಅಮ್ಮ ಗೋಳಿಬಜೆಯ ತಟ್ಟೆ ತಂದಿಟ್ಟರು. ಅರ್ಥಧಾರಿಗಳು ಬೆವರು ಒರೆಸಿಕೊಳ್ಳುತ್ತಲೇ ವಾದ ಮುಂದುವರಿಸಿದರು. ಧರ್ಮಸೂಕ್ಷ್ಮಕ್ಕೆ ಕರೆಂಟಿನ ಹಂಗಿಲ್ಲ.

ಮರುದಿನ ಕೈಕಂಬಕ್ಕೆ ಮರಳಿ ಮೂಡುಬಿದಿರೆಯ ಬಸ್ಸು ಹಿಡಿದೆ, 1430ರ ಸಾವಿರ ಕಂಬದ ಬಸದಿ ನೋಡಲು. ಎಡಪದವಿನ ಏರಿನಲ್ಲಿ ಹುಡುಗ ಕಳಿಸಿದ ರೆಕಾರ್ಡಿಂಗ್ ತೆರೆದೆ. ಒಂದೇ ಕಡತದಲ್ಲಿ ಬೇರೆ ಬೇರೆ ಟ್ರ್ಯಾಕು. ಒಂದರಲ್ಲಿ ಬರೀ ತಂಬೂರಿ, ಒಂದು ಕೆಮ್ಮೂ ಇಲ್ಲ. ಇನ್ನೊಂದು ಮೈಕುಗಳದ್ದು. ಅದರಲ್ಲಿ ಶೂರ್ಪನಖಿಯ ಮಾತಿನ ನಡುವೆ, ಫಿಲ್ಟರು ಮನುಷ್ಯನ ಮಾತೆಂದು ಜೋಪಾನವಾಗಿ ಉಳಿಸಿಕೊಟ್ಟ ನನ್ನದೇ ದನಿ: “ಅಮ್ಮಾ, ಇನ್ನೆರಡು ಗೋಳಿಬಜೆ.” ಯೂಟ್ಯೂಬಿನ ಲೈವಿನ ಕೆಳಗೆ ದುಬೈಯ ಯಾರೋ ಬರೆದಿದ್ದಾರೆ, ನಮಗೂ ಕಳಿಸಿ ಎಂದು.