ಲೆಕ್ಕದ ಗೂಡು ಎಲ್ಲಿದೆ?

ಲೆಕ್ಕ ಬರೆಯುವುದು ಒಂದು ಕಷ್ಟ. ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಹುಡುಕುವುದು ಅದಕ್ಕಿಂತ ದೊಡ್ಡ ಕಷ್ಟ. ಮನೆ ನಡೆಸಿದವರಿಗೆಲ್ಲ ಇದು ಗೊತ್ತು. ನನ್ನ ಮಗಳಂತೂ ಈ ಕಷ್ಟಕ್ಕಾಗಿಯೇ ನಿದ್ದೆಗೆಡುತ್ತಾಳೆ. ಲಿನಕ್ಸ್ ಯಂತ್ರಗಳ ಮೇಲೆ ಕಣ್ಣಿಟ್ಟಿರುವುದು ಅವಳ ಕೆಲಸ. ಅಪರಾತ್ರಿಯಲ್ಲಿ ಫೋನು ಬಂದರೂ ಏಳಬೇಕು. ಹೆತ್ತವಳು ಸುಮ್ಮನಿರಲಾಗುತ್ತದೆಯೇ? ಅಂಥದೇನು ಕಳೆದುಹೋಗಿದೆ, ನನಗೂ ಹೇಳೇ ಎಂದು ಒಂದು ರಾತ್ರಿ ಪಕ್ಕದಲ್ಲಿ ಕೂತೆ.

ಯಂತ್ರವೆಂದರೆ ಒಂದು ಒಟ್ಟು ಕುಟುಂಬ. ನೂರಾರು ಕೆಲಸಗಳಿಗೆ ಒಂದೇ ಉಗ್ರಾಣ. ಯಾರೋ ಒಬ್ಬರೇ ಎಲ್ಲವನ್ನೂ ಬಳಿದುಕೊಳ್ಳದಂತೆ ಕೆಲಸಗಳನ್ನು ಗುಂಪು ಮಾಡಿ, ಗುಂಪಿಗೆ ಇಷ್ಟೆಂದು ಪಾಲು ಹಾಕಿ, ಲೆಕ್ಕ ಇಡುವ ಏರ್ಪಾಡಿಗೆ ಕಂಟ್ರೋಲ್ ಗ್ರೂಪ್ ಎಂದು ಹೆಸರು, ಬಾಯಿಮಾತಿನಲ್ಲಿ ಸಿಗ್ರೂಪ್. ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದ್ದು, 2008ರ ಜನವರಿಯಲ್ಲಿ ಬಂದ 2.6.24ನೆಯ ಲಿನಕ್ಸ್ ಕರ್ನೆಲ್‌ನಲ್ಲಿ ಸೇರಿತು. ಆ ಲೆಕ್ಕ ತೆರೆದುಕೊಳ್ಳುವ ಡೈರೆಕ್ಟರಿಯೇ ಮೌಂಟ್ ಪಾಯಿಂಟ್.

ತಕರಾರು ಇರುವುದೇ ಆ ಜಾಗದಲ್ಲಿ. ಮೊದಮೊದಲು ಇಂಥದೇ ಜಾಗವೆಂಬ ಕಟ್ಟಳೆ ಇರಲಿಲ್ಲ. ಆಮೇಲೆ 'ಸಿಸ್' ಒಳಗಿನ 'ಎಫ್‌ಎಸ್', ಅದರೊಳಗಿನ 'ಸಿಗ್ರೂಪ್' ರೂಢಿಯಾಯಿತು. ಅಲ್ಲಿಯೂ ಮೆಮೊರಿಗೆ ಒಂದು, ಸಿಪಿಯುಗೆ ಒಂದು ಎಂದು ಬೇರೆ ಬೇರೆ ಖಾನೆ. 2016ರಲ್ಲಿ 4.5ನೆಯ ಕರ್ನೆಲ್ ಜೊತೆ ಬಂದ ಎರಡನೆಯ ಆವೃತ್ತಿ ಅಡ್ಡಗೋಡೆಗಳನ್ನು ಕೆಡವಿ ಒಂದೇ ಕಪಾಟು ಮಾಡಿತು. ಮಗಳ ಕಚೇರಿಯ ಯಂತ್ರಗಳು ಈ ಹೊಸ ಪದ್ಧತಿಗೆ ಬದಲಾದವು. ನಿಗಾ ಇಡುವ ಪ್ರೋಗ್ರಾಂ ಮಾತ್ರ ಹಳೆಯ ಖಾನೆಯ ಹೆಸರನ್ನೇ ಬಾಯಿಪಾಠ ಮಾಡಿಕೊಂಡಿತ್ತು. ಅಲ್ಲಿ ಹೋಗಿ ನೋಡಿದರೆ ಏನೂ ಇಲ್ಲ! ಮೆಮೊರಿಯ ಕೋಷ್ಟಕ ಖಾಲಿ, ಯಂತ್ರವೋ ಏದುಸಿರು ಬಿಡುತ್ತಿದೆ. ಯಾರು ತಿಂದರೆಂದು ತೋರಿಸಲಾಗದೆ ದೂರೆಲ್ಲ ಇವಳ ತಂಡದ ಮೇಲೆ ಬಂತು. ಗ್ಯಾಸ್ ಬೇಗ ಮುಗಿದರೆ ಸೊಸೆಯ ಮೇಲೆ ಬರುವುದಿಲ್ಲವೇ, ಹಾಗೆ.

ಜಾಣ ಪ್ರೋಗ್ರಾಂ ಊಹಿಸುವುದಿಲ್ಲವಂತೆ. ಲಿನಕ್ಸ್‌ನಲ್ಲಿ ಪರ್ಫ್ ಎಂಬುದೊಂದಿದೆ. ಅದು 'ಪ್ರಾಕ್' ಒಳಗಿನ 'ಮೌಂಟ್ಸ್' ಎಂಬ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತದೆ. ಪಟ್ಟಿ ಕೊಡುವುದು ಕರ್ನೆಲ್ಲೇ, ಅದೂ ಆ ಗಳಿಗೆಯಲ್ಲಿ ಇರುವಂತೆ. ಹಳೆಯ ಸಿಗ್ರೂಪಿನ ಸಾಲೊಂದರಲ್ಲಿ 'ಪರ್ಫ್ ಇವೆಂಟ್' ಎಂದಿದ್ದರೆ ಆ ಜಾಗ. ಇಲ್ಲದಿದ್ದರೆ 'ಸಿಗ್ರೂಪ್2' ಎಂದಿರುವ ಸಾಲಿನ ಜಾಗ. ವರ್ಗವಾಗಿ ಹೊಸ ಶಾಲೆಗೆ ಹೋದಾಗ ನಾವು ಬೀರು ತಡಕದೆ ಮೊದಲು ಸ್ಟಾಕ್ ರಿಜಿಸ್ಟರ್ ಕೇಳುತ್ತೇವಲ್ಲ, ಥೇಟ್ ಅದೇ.

"ಹಾಗಾದರೆ ನಿಮ್ಮದನ್ನೂ ಪಟ್ಟಿ ಓದುವ ಹಾಗೆ ತಿದ್ದಬಾರದೇನೆ?" ಎಂದೆ.

"ಅದನ್ನೇ ಮಾಡ್ತಿದೀನಮ್ಮ. ನೀನು ಮಲಗು" ಎಂದಳು.

ನಾನು ಎದ್ದು ಕಾಫಿಗೆ ನೀರಿಟ್ಟೆ.