ಸೈರನ್ ಕೂಗಿದ ಶನಿವಾರ

ಕಾರಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಅರಚಿದವು. ಯಾರೋ ಕರೆ ಮಾಡಿದಾಗ ಬರುವ ಸದ್ದಲ್ಲ ಅದು, ಎದೆ ಝಲ್ಲೆನ್ನಿಸುವ ಕರ್ಕಶ ಕೂಗು. ಹಿಂದಿನ ಸೀಟಿನಲ್ಲಿದ್ದ ಮಗ ಪರದೆ ನೋಡಿ ಗಟ್ಟಿಯಾಗಿ ಓದಿದ: "ಟೊರ್ನೇಡೊ ವಾರ್ನಿಂಗ್ ಅಮ್ಮಾ. ಈಗಲೇ ಒಳಗೆ ಸೇರ್ಕೊಳ್ಳಿ ಅಂತಿದೆ." ಅವನ ಪಕ್ಕ ಕೂತಿದ್ದ ಇಬ್ಬರು ಹುಡುಗರು, ಕಾಲಿನ ಪ್ಯಾಡ್ ಕೂಡ ಬಿಚ್ಚದೆ ಮೈದಾನದಿಂದ ಓಡಿಬಂದವರು, ಮಾತು ನಿಲ್ಲಿಸಿದರು. ಏಪ್ರಿಲ್ ತಿಂಗಳ ಸಂಜೆ, ಡಲ್ಲಾಸ್ ನಗರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿ. ಸೂರ್ಯ ಮುಳುಗಲು ಇನ್ನೂ ಎರಡು ಗಂಟೆಗೂ ಹೆಚ್ಚು ಹೊತ್ತಿತ್ತು. ಆಗಲೇ ಕತ್ತಲು. ಎಡಗಡೆ, ಪಶ್ಚಿಮದ ಆಕಾಶ ಹಸಿರು ತಿರುಗಿತ್ತು.

ಮನೆಯಲ್ಲಿ ಹತ್ತು ವರ್ಷದ ಮಗಳು, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ, ಮಾವ, ಪಕ್ಕದ ಮನೆಯ ಇಬ್ಬರು ಪುಟ್ಟ ಮಕ್ಕಳು. ನಮ್ಮವರು ವಿಮಾನ ನಿಲ್ದಾಣದಲ್ಲಿ. ಕ್ಯಾಲಿಫೋರ್ನಿಯಾದಿಂದ ಹೊರಟ ನಾದಿನಿಯ ಸಂಸಾರ ಈ ಮೋಡಗಳ ಆಚೆ ಎಲ್ಲೋ ಆಕಾಶದಲ್ಲಿ. ಒಂದು ಮನೆಯ ಜನ ಹೀಗೆ ದಿಕ್ಕಿಗೊಬ್ಬರಾಗಿದ್ದಾಗಲೇ ಅದು ಬಂತು.

ಹಾಗೆ ಚದುರಿ ಹೋಗುವುದೇ ಉತ್ತರ ಟೆಕ್ಸಸ್‌ನ ವಸಂತ. ಮಾರ್ಚ್ ಬಂದರೆ ಮಕ್ಕಳ ಆಟದ ಸುಗ್ಗಿ. ಮಗಳಿಗೆ ಸಾಕರ್ ಮತ್ತು ಸಾಫ್ಟ್‌ಬಾಲ್, ಮಗನಿಗೆ ಕ್ರಿಕೆಟ್. 2024ರ ಜೂನ್ 6ರಂದು ಇಲ್ಲೇ ಗ್ರ್ಯಾಂಡ್ ಪ್ರೇರಿ ಕ್ರೀಡಾಂಗಣದಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿತಲ್ಲ, ಆ ಪಂದ್ಯದಲ್ಲಿ ಮೂರು ವಿಕೆಟ್ ಕಿತ್ತ ನೊಸ್ತುಷ್ ಕೆಂಜಿಗೆ ಅಲಬಾಮಾದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದವರು. ಅಂದಿನಿಂದ ನನ್ನ ಮಗನೂ ಎಡಗೈ ಸ್ಪಿನ್ನರ್. ಶನಿವಾರ, ಭಾನುವಾರ ಕಾರಿನ ಡಿಕ್ಕಿಯಲ್ಲಿ ಮಡಚುವ ಕುರ್ಚಿ, ನೀರಿನ ಕ್ಯಾನು, ಹೋಳು ಮಾಡಿದ ಕಿತ್ತಳೆ, ಒಂದು ಡಬ್ಬಿ ಚಿತ್ರಾನ್ನ. ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬರುವುದೂ ಇದೇ ಕಾಲಕ್ಕೆ. ಚಳಿ ಮುಗಿದಿರುತ್ತದೆ, ಜುಲೈನ ಸುಡು ಬಿಸಿಲು ಇನ್ನೂ ಬಂದಿರುವುದಿಲ್ಲ.

ಮತ್ತು ಇದೇ ಕಾಲಕ್ಕೆ ಮೆಕ್ಸಿಕೊ ಕೊಲ್ಲಿಯಿಂದ ಹಸಿ ಬಿಸಿ ಗಾಳಿ ಮೇಲೇರಿ ಬರುತ್ತದೆ. ಪಶ್ಚಿಮದ ಮರುಭೂಮಿಯಿಂದ ಒಣಗಾಳಿ ಅದಕ್ಕೆ ಎದುರಾಗುತ್ತದೆ. ಇವೆರಡರ ಮೇಲೆ, ಬಹು ಎತ್ತರದಲ್ಲಿ, ಮೂರನೆಯದೊಂದು ಗಾಳಿ ಬೇರೆ ದಿಕ್ಕಿಗೆ ಅತಿ ವೇಗವಾಗಿ ಓಡುತ್ತಿರುತ್ತದೆ. ಮೋಡ ಮೇಲೇಳುತ್ತ ಏಳುತ್ತ ತಿರುಗಲು ತೊಡಗುವುದು ಅದರಿಂದ. ಹಾಗೆ ತಿರುಗುವ ಮೋಡಗಳಲ್ಲಿ ಕೆಲವೇ ಕೆಲವು ಸುಂಟರಗಾಳಿಯನ್ನು ನೆಲಕ್ಕಿಳಿಸುತ್ತವೆ. ಯಾವುದು ಇಳಿಸುತ್ತದೆ ಎನ್ನುವುದನ್ನು ಒಂದು ಗಂಟೆ ಮೊದಲೂ ಖಚಿತವಾಗಿ ಹೇಳಲಾಗದು. ಅದಕ್ಕೇ ಇಲ್ಲಿ ಎರಡು ಬಗೆಯ ಎಚ್ಚರಿಕೆ. 'ವಾಚ್' ಎಂದರೆ ಬರಬಹುದು, ಕಣ್ಣಿಟ್ಟಿರಿ. 'ವಾರ್ನಿಂಗ್' ಎಂದರೆ ರಡಾರಿನಲ್ಲೋ ಯಾರದೋ ಕಣ್ಣಿಗೋ ಬಿದ್ದಾಗಿದೆ, ಓಡಿ. ಆಮೇಲೆ ಸಿಗುವುದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಕೆಲವೊಮ್ಮೆ ಅದೂ ಇಲ್ಲ.

ಅಂದು ಮಧ್ಯಾಹ್ನವೇ ವಾಚ್ ಬಂದಿತ್ತು. ಆಟ ಮುಂದುವರಿಯಿತು. ವಾಚ್ ಬಂದ ದಿನವೆಲ್ಲ ಮೈದಾನ ಮುಚ್ಚಿದರೆ ಇಲ್ಲಿ ವಸಂತದಲ್ಲಿ ಚೆಂಡೇ ಉರುಳುವುದಿಲ್ಲ. ನಾಲ್ಕೂವರೆಗೆ ಮೊದಲ ಗುಡುಗು. ಅಂಪೈರ್ ಬೇಲ್ಸ್ ತೆಗೆದರು. ಗುಡುಗು ಕೇಳಿಸಿದರೆ ಆಟ ನಿಲ್ಲಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಯಾರೂ ಮೈದಾನಕ್ಕೆ ಇಳಿಯಬಾರದು, ಅದು ನಿಯಮ. ಎರಡನೆಯ ಗುಡುಗು, ಮೂರನೆಯದು. ಪಂದ್ಯ ರದ್ದು. ಕಿಟ್ ಬ್ಯಾಗುಗಳನ್ನು ಡಿಕ್ಕಿಗೆ ಎಸೆದು, ಮಗನನ್ನೂ ಅವನ ಜೊತೆಗಾರರನ್ನೂ ಹತ್ತಿಸಿಕೊಂಡು ಹೊರಟಿದ್ದೆ.

ಈಗ ಹೆದ್ದಾರಿಯಲ್ಲಿ ಮೊದಲ ಆಲಿಕಲ್ಲು ಬಾನೆಟ್ಟಿನ ಮೇಲೆ ಬಿತ್ತು. ನಿಂಬೆಹಣ್ಣಿನ ಗಾತ್ರದ್ದು. ಒಂದು, ಇನ್ನೊಂದು, ಆಮೇಲೆ ಎಣಿಕೆಯೇ ಇಲ್ಲ. ಕಾರಿನ ಚಾವಣಿಯ ಮೇಲೆ ಅದರ ಆರ್ಭಟಕ್ಕೆ ಮಕ್ಕಳ ಮಾತು ನನಗೆ ಕೇಳಿಸದು, ನನ್ನದು ಅವರಿಗೆ. ಮುಂದಿನ ಗಾಜಿನ ಬಲ ಮೂಲೆಯಲ್ಲಿ ಒಂದು ಬಿರುಕು ಬಿಟ್ಟಿತು, ನೋಡನೋಡುತ್ತ ಕವಲೊಡೆಯಿತು. "ತಲೆ ಬಗ್ಗಿಸಿ! ಹೆಲ್ಮೆಟ್ ಹಾಕ್ಕೊಳ್ಳಿ!" ಎಂದು ಕೂಗಿದೆ. ಮೂವರೂ ಹಿಂದಕ್ಕೆ ಕೈಚಾಚಿ ಬ್ಯಾಗಿನಿಂದ ಹೆಲ್ಮೆಟ್ ಎಳೆದುಕೊಂಡರು.

ಎದುರಿಗೆ ಮೇಲ್ಸೇತುವೆ ಕಂಡಿತು. ಅದರಡಿ ಆಗಲೇ ಹತ್ತಾರು ಕಾರು ಒತ್ತೊತ್ತಾಗಿ ನಿಂತಿದ್ದವು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತಲೆಯ ಮೇಲೆ ಕಾಂಕ್ರೀಟು, ಇದಕ್ಕಿಂತ ಭದ್ರ ಜಾಗ ಯಾವುದು ಎನ್ನಿಸುತ್ತದಲ್ಲ, ಅದೇ ಕೊಲ್ಲುವ ಭ್ರಮೆ. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಹೀಗೆ ಸೇತುವೆಯಡಿ ಹೊಕ್ಕವರು ಸತ್ತರು. ಆ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ. ಅದು ಹೊತ್ತು ತರುವ ಮರದ ಸಿಗುಳು, ತಗಡು, ಗಾಜು ಎಲ್ಲವೂ ಅಲ್ಲಿ ನಿಂತವರ ಮೈಗೇ ಬಡಿಯುತ್ತವೆ. ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಹಿರಿಯರು ಹೇಳಿದ್ದ ಆ ಮಾತು ಈಗ ಕಿವಿಯಲ್ಲಿ ಮೊಳಗಿತು. ನಿಲ್ಲಲಿಲ್ಲ. ಸೇತುವೆ ದಾಟಿ, ಮುಂದಿನ ಎಕ್ಸಿಟ್ ಹಿಡಿದು, ಇಳಿಜಾರಿನಲ್ಲಿ ಕಂಡ ಗ್ಯಾಸ್ ಸ್ಟೇಷನ್‌ಗೆ ಕಾರು ನುಗ್ಗಿಸಿದೆ. ಆಗ ಸೈರನ್ ಎದ್ದಿತು. ಊರಿನ ಎಲ್ಲ ಕಂಬಗಳಿಂದ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ.

ಅಂಗಡಿಯ ಹುಡುಗ ಬಾಗಿಲು ಹಿಡಿದು ನಿಂತಿದ್ದ. ಹಾಲು, ತಂಪು ಪಾನೀಯ ಜೋಡಿಸಿಡುವ ದೊಡ್ಡ ಶೀತಲ ಕೋಣೆಯತ್ತ ಕೈ ತೋರಿಸಿ, "ಒಳಗೆ, ಒಳಗೆ!" ಎಂದ. ಓಡಿದೆವು. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ಊರಿನಲ್ಲಿ 150ಕ್ಕೂ ಹೆಚ್ಚು ಜನ ಸತ್ತ ಆ ಸಂಜೆ, ಇಂಥದೇ ಒಂದು ಅಂಗಡಿಯ ಶೀತಲ ಕೋಣೆ ಹೊಕ್ಕ ಇಪ್ಪತ್ತರಷ್ಟು ಮಂದಿ ಬದುಕಿದ್ದರು. ಸುತ್ತಲಿನ ಅಂಗಡಿ ಪುಡಿಯಾಗಿತ್ತು, ಆ ದಪ್ಪ ಗೋಡೆಗಳ ನಡುವೆ ಅವರು ಉಳಿದಿದ್ದರು. ನಾವು ಹತ್ತು ಹನ್ನೆರಡು ಜನ, ಹಾಲಿನ ಕ್ಯಾನುಗಳ ನಡುವೆ, ಹಲ್ಲು ಕಟಕಟಿಸುವ ಚಳಿಯಲ್ಲಿ. ಬಿಳಿ ಅಂಗಿಯ ಮೂವರು ಹುಡುಗರನ್ನು ತಬ್ಬಿಕೊಂಡು ಮನೆಗೆ ಫೋನ್ ಹಚ್ಚಿದೆ.

ಮಗಳು ಎತ್ತಿದಳು. "ಅಮ್ಮಾ, ನಾವು ದೇವರ ಮನೆಗೆ ಹೋಗ್ತಿದೀವಿ. ಅಜ್ಜ ಹೊರಗಿದಾರೆ, ಬರ್ತಿಲ್ಲ." ಅಷ್ಟೇ. ಫೋನು ಸತ್ತಿತು. ಮತ್ತೆ ಹಚ್ಚಿದೆ. ಸದ್ದಿಲ್ಲ. ಮತ್ತೆ. ಸದ್ದಿಲ್ಲ. ಗೋಡೆಯಾಚೆ ಏನೋ ದೊಡ್ಡದು ಮುರಿದು ಬಿತ್ತು, ದೀಪ ಹೋಯಿತು. ಆ ಕತ್ತಲಲ್ಲಿ ನನ್ನ ಜೀವದ ಭಯ ನನಗಿರಲಿಲ್ಲ. ಅಜ್ಜ ಹೊರಗಿದಾರೆ. ಆ ಎರಡೇ ಪದ.

ಮನೆಯಲ್ಲಿ ಆ ಹೊತ್ತು ನಡೆದದ್ದನ್ನು ಅವರೆಲ್ಲರ ಬಾಯಿಂದ ಕೇಳಿ ಕೂಡಿಸಿಕೊಂಡಿದ್ದೇನೆ.

ಮಾವ ಹಿತ್ತಲಿಗೆ ಹೋಗಿ ಆಕಾಶ ನೋಡುತ್ತ ನಿಂತಿದ್ದರು. ಆಗುಂಬೆಯ ಮಳೆಯಲ್ಲಿ ಬೆಳೆದ ಜೀವ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡದ ಮಳೆಯಲ್ಲಿ ಗದ್ದೆಯ ಬದು ಕಾದವರು. ಮಲೆನಾಡಿನ ಮಳೆಗೆ ಹೆದರಿ ಒಳಗೆ ಕೂತರೆ ಬದುಕು ಸಾಗುವುದಿಲ್ಲ. ಆ ಧೈರ್ಯ ಅಲ್ಲಿ ನಿಜವಾದದ್ದು, ಅವರನ್ನು ಕಾಪಾಡಿದ್ದು. ಆದರೆ ಇಲ್ಲಿನ ಗಾಳಿ ನಾಲ್ಕು ತಿಂಗಳು ಕಾಯುವುದಿಲ್ಲ, ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಮಗಳು ಬಾಗಿಲಲ್ಲಿ ನಿಂತು ಕೂಗಿದಳು. ಅವರು "ಬಂದೆ ಕಣೇ, ಒಂದು ನಿಮಿಷ" ಎಂದರು. ಅವಳು ಆಲಿಕಲ್ಲಿನ ನಡುವೆಯೇ ಓಡಿಹೋಗಿ ಅವರ ಕೈ ಹಿಡಿದು ಎಳೆದಳು. "ಅಜ್ಜ, ಒಂದು ನಿಮಿಷ ಇಲ್ಲ. ಈಗ!" ಆ ದನಿ ಕೇಳಿ ಮಾವ ಮರುಮಾತಿಲ್ಲದೆ ಬಂದರಂತೆ.

ಆ ದನಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ಇಲ್ಲಿನ ಮಕ್ಕಳು ಶಿಶುವಿಹಾರದಿಂದಲೇ ಸುಂಟರಗಾಳಿಯ ಕವಾಯತು ಮಾಡುತ್ತಾರೆ. ಒಳಗೋಡೆಯ ಪಕ್ಕ ಮಂಡಿಯೂರಿ, ಎರಡೂ ಕೈಗಳಿಂದ ತಲೆ, ಕುತ್ತಿಗೆ ಮುಚ್ಚಿಕೊಳ್ಳುವುದು. ಅದು ಆಟವಲ್ಲ. 2013ರ ಮೇ 20ರಂದು ಓಕ್ಲಹೋಮಾದ ಮೂರ್ ಪಟ್ಟಣದಲ್ಲಿ ಸತ್ತ 24 ಜನರಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯವರು.

ಟೆಕ್ಸಸ್‌ನ ಮನೆಗಳಿಗೆ ನೆಲಮಾಳಿಗೆ ಇರುವುದು ಅಪರೂಪ. ಇಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಅದರಲ್ಲಿ ಅಗೆದು ಕಟ್ಟುವುದು ದುಬಾರಿ. ಹಾಗಾಗಿ ಕಿಟಕಿಯಿಲ್ಲದ, ನಟ್ಟನಡುವಿನ ಪುಟ್ಟ ಕೋಣೆಯೇ ಗತಿ. ನಮ್ಮ ಮನೆಯಲ್ಲಿ ಅದು ಮೆಟ್ಟಿಲ ಕೆಳಗಿನ ಗೂಡು. ಅಲ್ಲೇ ದೇವರ ಮನೆ. ಇಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಹಾಗೇ.

"ಅಜ್ಜೀ, ಶೂ ಹಾಕ್ಕೋ." ಮಗಳು ಸಾಲಾಗಿ ಎಲ್ಲರ ಶೂ ತಂದು ಸುರಿದಳು. ಮನೆ ಬಿದ್ದರೆ ಒಡೆದ ಗಾಜು, ಮೊಳೆಗಳ ಮೇಲೆ ನಡೆದು ಹೊರಬರಬೇಕು, ಬರಿಗಾಲು ಇರಬಾರದು. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಜೀವಮಾನದಲ್ಲಿ ದೇವರ ಮನೆಯ ಹೊಸ್ತಿಲಿಗೆ ಚಪ್ಪಲಿ ತಾಗಿಸಿದವರಲ್ಲ. ಒಂದು ಗಳಿಗೆ ನಿಂತರಂತೆ. ಆಮೇಲೆ ಒಳಗೆ ಬಗ್ಗಿ, ಹೂವಿನಿಂದ ದೀಪ ಶಾಂತ ಮಾಡಿ, ಶೂ ತೊಟ್ಟು, ಪಕ್ಕದ ಮನೆಯ ಇಬ್ಬರು ಮಕ್ಕಳನ್ನು ಎರಡು ಕಂಕುಳಲ್ಲಿ ಅವಚಿಕೊಂಡು ಹೊಸ್ತಿಲು ದಾಟಿದರು.

ಮಗಳು ಗ್ಯಾರೇಜಿಗೆ ಓಡಿ ಆಟದ ಸಾಮಾನಿನ ಬುಟ್ಟಿಯನ್ನೇ ಎಳೆದು ತಂದಳು. ಸುಂಟರಗಾಳಿಯಲ್ಲಿ ಎಷ್ಟೋ ಜೀವ ಹೋಗುವುದು ಹಾರಿಬಂದದ್ದು ತಲೆಗೆ ಬಡಿದು. ಮನೆಯಲ್ಲಿ ಯಾವ ಹೆಲ್ಮೆಟ್ ಇದ್ದರೂ ಹಾಕಿಕೊಳ್ಳಿ ಎಂದು ವೈದ್ಯರು ಹೇಳುತ್ತಲೇ ಇರುತ್ತಾರೆ. ಸೈಕಲ್ ಹೆಲ್ಮೆಟ್‌ಗಳು ಪುಟ್ಟ ಮಕ್ಕಳಿಗೆ. ಅಣ್ಣನ ಹಳೆಯ ಕ್ರಿಕೆಟ್ ಹೆಲ್ಮೆಟ್ ಅಜ್ಜನಿಗೆ. ತನ್ನ ಸಾಫ್ಟ್‌ಬಾಲ್ ಹೆಲ್ಮೆಟ್ ಅಜ್ಜಿಗೆ. ಅಲ್ಲಿಗೆ ಬುಟ್ಟಿ ಖಾಲಿ. ಅವಳಿಗಿಲ್ಲ.

ಅತ್ತೆ ಹೆಲ್ಮೆಟ್ ಬಿಚ್ಚಲು ಹೋದರು. ಅವಳು ಒಪ್ಪಲಿಲ್ಲ. ವಾದಕ್ಕೆ ಹೊತ್ತಿರಲಿಲ್ಲ, ಮನೆ ನಡುಗುತ್ತಿತ್ತು. ಅತ್ತೆ ಅವಳನ್ನು ಮಡಿಲಿಗೆಳೆದು, ಅವಳ ತಲೆಯ ಮೇಲೆ ತಮ್ಮ ಎದೆಯೊಡ್ಡಿ ಬಾಗಿದರು. ಮಾವ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಪಕ್ಕದ ಮನೆಯ ಮಕ್ಕಳು ಅಳತೊಡಗಿದರು. ಅತ್ತೆಗೆ ಇಂಗ್ಲಿಷು ಬಾರದು. ಮಕ್ಕಳಿಗೆ ಕನ್ನಡ ಗೊತ್ತಿಲ್ಲ. ಅತ್ತೆ ತಮ್ಮ ತರಗತಿಯ ದನಿಯಲ್ಲಿ ಮಗ್ಗಿ ಶುರು ಮಾಡಿದರು. ಎರಡೊಂದ್ಲಿ ಎರಡು. ಎರಡೆರಡ್ಲಿ ನಾಲ್ಕು. ಮಗಳು ದನಿಗೂಡಿಸಿದಳು, ಮಾವ ಸೇರಿದರು. ಮೂರರ ಮಗ್ಗಿಗೆ ಬರುವ ಹೊತ್ತಿಗೆ ಆ ಮಕ್ಕಳೂ ಅರ್ಥವಾಗದ ಪದಗಳನ್ನು ತೊದಲುತ್ತ ಒಪ್ಪಿಸುತ್ತಿದ್ದರು. ಮೇಲೆ ಚಾವಣಿಯ ಹೆಂಚು ಕಿತ್ತು ಹೋಗುವ ಸದ್ದು. ಕಿಟಕಿ ಒಡೆದ ಸದ್ದು. ಕಿವಿ ಗವ್ವೆಂದಿತು. ಆರರ ಮಗ್ಗಿ. ಏಳರದು. ನಿಲ್ಲಿಸಲಿಲ್ಲ.

ಸುಂಟರಗಾಳಿ ನಮ್ಮ ಬೀದಿಯ ಉತ್ತರಕ್ಕೆ ಸರಿದು, ಆಚೆಯ ಖಾಲಿ ಹೊಲದಲ್ಲಿ ನೆಲ ಮುಟ್ಟಿತ್ತು. ನಮಗೆ ತಗುಲಿದ್ದು ಅದರ ಅಂಚಿನ ಗಾಳಿ ಮಾತ್ರ.

ಶೀತಲ ಕೋಣೆಯಿಂದ ಹೊರಬಂದಾಗ ಪಶ್ಚಿಮದಲ್ಲಿ ಬಿಸಿಲು ಬಿದ್ದಿತ್ತು! ಅಂಗಡಿಯ ಬೋರ್ಡು ರಸ್ತೆಗೆ ಅಡ್ಡ ಬಿದ್ದಿತ್ತು, ಕಾರಿನ ಹಿಂದಿನ ಗಾಜು ಇರಲಿಲ್ಲ. ಸಿಗ್ನಲ್ ದೀಪಗಳೆಲ್ಲ ಸತ್ತಿದ್ದವು. ಒಂದೊಂದು ಚೌಕದಲ್ಲೂ ಜನ ತಾವಾಗಿ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. ಆ ಸೇತುವೆಯಡಿ ನಿಂತವರಿಗೂ ಏನೂ ಆಗಿರಲಿಲ್ಲ, ಅದೃಷ್ಟ. ಜೊತೆಗಾರ ಹುಡುಗರನ್ನು ಅವರವರ ಅಮ್ಮಂದಿರ ಕೈಗೊಪ್ಪಿಸಿ ನಮ್ಮ ಬೀದಿ ತಿರುಗಿದೆ. ಬೇಲಿ ಮಲಗಿತ್ತು. ಮುಂದಿನ ಪೀಕನ್ ಮರ ಬುಡ ಸಮೇತ ಎದ್ದಿತ್ತು. ಬಾಗಿಲ ಮುಂದೆ ಐದು ಜನ ನಿಂತಿದ್ದರು. ಎಣಿಸಿದೆ. ಐದು. ಕಾರಿನ ಬಾಗಿಲು ಹಾಕದೆ ಓಡಿದೆ.

ಮಗಳನ್ನು ಅಪ್ಪಿಕೊಂಡಾಗ ಅತ್ತೆ ಹೇಳಿದರು: "ನಿನ್ನ ಮಗಳು ನಮ್ಮನ್ನ ಉಳಿಸಿದಳು ಕಣಮ್ಮ." ಅದು ಅಕ್ಷರಶಃ ನಿಜ. ಒಡೆದ ಗಾಜು ಮಾವ ನಿಂತಿದ್ದ ಜಾಗದ ತುಂಬ ಚೆಲ್ಲಿತ್ತು. ವಾರಾಂತ್ಯವೆಲ್ಲ ಆಟ ಆಟ ಎಂದು ಮಕ್ಕಳನ್ನು ಓಡಿಸುತ್ತೀರಿ, ಓದು ಯಾವಾಗ ಎಂದು ಊರಿನವರು ಕೇಳುತ್ತಾರೆ. ಒಂದು ಕೂಗಿಗೆ ತಕ್ಷಣ ಓಗೊಡುವುದು, ತನಗಿಂತ ಮೊದಲು ತಂಡವನ್ನು ನೋಡುವುದು, ಇದನ್ನು ಅವಳು ಮೈದಾನದಲ್ಲೇ ಕಲಿತದ್ದೆಂದು ನಾನು ನಂಬುತ್ತೇನೆ. ಆದರೆ ಗಾಳಿ ಹೊಡೆಯುವಾಗ ಅಳುವ ಮಕ್ಕಳನ್ನು ಸುಮ್ಮನಾಗಿಸುವುದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ತೀರ್ಥಹಳ್ಳಿಯಿಂದ ಬಂದವರೇ ಮಾಡಬೇಕಾಯಿತು.

ನಾದಿನಿಯ ವಿಮಾನ ಸ್ಯಾನ್ ಆಂಟೋನಿಯೊದಲ್ಲಿ ಇಳಿದಿತ್ತು. ನಡುರಾತ್ರಿ ಕಳೆದ ಮೇಲೆ ಚಿಕ್ಕ ಕೂಸಿನೊಂದಿಗೆ ಮತ್ತೆ ಹಾರಿ ಬಂದರು. ಬೆಳಗಿನ ಜಾವ ಮೇಣದಬತ್ತಿಯ ಬೆಳಕಿನಲ್ಲಿ ಎಲ್ಲರೂ ಮೊಸರನ್ನ ಉಂಡೆವು. ಬೆಳಗಾದ ಮೇಲೆ ಹವಾಮಾನ ಇಲಾಖೆಯವರು ಬಂದು, ಬಿದ್ದ ಮರಗಳ ದಿಕ್ಕು ನೋಡುತ್ತ, ಗಾಳಿ ನಡೆದ ಹಾದಿಯನ್ನು ಕಾಲ್ನಡಿಗೆಯಲ್ಲಿ ಅಳೆದರು. ಪಕ್ಕದ ಮನೆಯ ತಾಯಿ ಅತ್ತೆಯ ಎರಡೂ ಕೈ ಹಿಡಿದು ಅಳುತ್ತ ನಿಂತಳು.

ಸೋಮವಾರ ತಂಡದಿಂದ ಸಂದೇಶ ಬಂತು: ರದ್ದಾದ ಪಂದ್ಯ ಬುಧವಾರ ಸಂಜೆಗೆ. ಅದರ ಬೆನ್ನಿಗೇ ಮುನ್ಸೂಚನೆ: ಬುಧವಾರ ಮತ್ತೆ ಬಿರುಗಾಳಿ ಸಾಧ್ಯತೆ. ಮಾವ ಎರಡನ್ನೂ ಓದಿಸಿಕೊಂಡು ಎದ್ದು, ಶೂ ಹಾಕಿಕೊಂಡು, ಕಾರಿನ ಕೀಲಿ ತಂದು ನನ್ನ ಕೈಗಿಟ್ಟರು. "ಅಂಗಡಿಗೆ ಹೋಗೋಣ ನಡಿಯಮ್ಮ. ಈಗ ಮನೇಲಿ ಜನ ಜಾಸ್ತಿ, ಹೆಲ್ಮೆಟ್ ಸಾಲಲ್ಲ. ಮೊದಲು ಮೊಮ್ಮಗಳಿಗೊಂದು. ಆಮೇಲೆ ಆ ಚಿಕ್ಕ ಕೂಸಿನ ಅಳತೆಯದೂ ಸಿಗುತ್ತೋ ನೋಡಬೇಕು."