ಓದುವ ಹಕ್ಕು, ತಿದ್ದುವ ಹಕ್ಕು, ತೆರೆಯುವ ಹಕ್ಕು

ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಬರೆದಿಡುತ್ತಿದ್ದ ಮಾತುಗಳನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ನೀರಿನಿಂದ ಕಾಪಾಡಿ, ಎಣ್ಣೆಯಿಂದ ಕಾಪಾಡಿ, ಸಡಿಲವಾದ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿ ಎಂಬುದು ಆ ಬಿನ್ನಹದ ಸಾರ. ಇದರ ಮೊದಲ ಮೂರು ಭಾಗಗಳು ವಸ್ತುವಿನ ರಕ್ಷಣೆಗೆ ಸಂಬಂಧಿಸಿದವು. ನಾಲ್ಕನೆಯದು ಬೇರೆ ಜಾತಿಯದು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಅಲ್ಲಿಯ ಪ್ರಶ್ನೆ. ಕಂಪ್ಯೂಟರ್ ಶಾಸ್ತ್ರದವರು ಇಂದು ಪ್ರವೇಶ ನಿಯಂತ್ರಣ ಎಂದು ಕರೆಯುವುದು ಈ ನಾಲ್ಕನೆಯ ಮಾತನ್ನೇ. ನಮ್ಮ ಹಸ್ತಪ್ರತಿಗಳ ಛಾಯಾಚಿತ್ರಗಳು, ಪಾಠಾಂತರಗಳ ಪಟ್ಟಿಗಳು, ಅರೆಬರೆಯಾಗಿ ಸಿದ್ಧವಾದ ಮಹಾಪ್ರಬಂಧಗಳು ಎಲ್ಲವೂ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದು ಸೇರಿರುವಾಗ, ಆ ಯಂತ್ರದ ಬೀಗಗಳು ಹೇಗೆ ಬದಲಾಗುತ್ತಿವೆ ಎಂಬುದು ಕನ್ನಡ ವಿಭಾಗಗಳಿಗೆ ಸಂಬಂಧಿಸದ ವಿಷಯವೆಂದು ಹೇಳಲಾಗದು.

ಕಾಯುವುದಕ್ಕೂ ಕೊಡುವುದಕ್ಕೂ ನಡುವಿನ ಬಿಕ್ಕಟ್ಟು ನಮಗೆ ಹೊಸದಲ್ಲ. ಧವಲಾ, ಜಯಧವಲಾ, ಮಹಾಧವಲಾ ಎಂದು ಪ್ರಸಿದ್ಧವಾದ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ಓಲೆಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಭಕ್ತರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಅಧ್ಯಯನ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು; ಮುಂದೆ ಪ್ರತಿಯೊಂದು ಹೊರಗೆ ಹೋಯಿತು; 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಯಿತು. ಬಸದಿಯವರು ಕಾಯದೇ ಇದ್ದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಕಾದದ್ದನ್ನು ಯಾರೂ ಪ್ರತಿ ಮಾಡದೇ ಇದ್ದಿದ್ದರೆ, ಉಳಿದೂ ಇಲ್ಲದಂತೆ ಆಗುತ್ತಿತ್ತು. ರಕ್ಷಣೆ ಎಂಬುದು ಈ ಎರಡೂ ಸೇರಿದ ಮಾತು.

ಕಂಪ್ಯೂಟರಿನ ಬೀಗದ ಇತಿಹಾಸವೂ ಇದೇ ಬಿಕ್ಕಟ್ಟಿನಿಂದ ಹುಟ್ಟಿದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪಾಸ್‌ವರ್ಡ್ ಬಳಕೆಗೆ ಬಂದದ್ದು ಆಗ. 1962ರಲ್ಲಿ ಅಲ್ಲಿಯ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಆಲನ್ ಶೆರ್, ತನಗೆ ನಿಗದಿಯಾದ ಯಂತ್ರಸಮಯ ಸಾಲದೆ, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚುಹಾಕಿಸಿಕೊಂಡರು. ಬೀಗವನ್ನು ಮೊದಲಿಗೆ ಮುರಿದವರ ಸಾಲಿನಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬರಿದ್ದಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸಂತೋಷದಿಂದಲೇ ಕೇಳುತ್ತಾರೆ. ಮುಂದೆ ಬಂದ ಯೂನಿಕ್ಸ್ ವ್ಯವಸ್ಥೆ ಪ್ರತಿಯೊಂದು ಕಡತಕ್ಕೂ ಓದುವ, ಬರೆಯುವ, ನಡೆಸುವ ಎಂಬ ಮೂರು ಹಕ್ಕುಗಳನ್ನು ಬೇರೆಬೇರೆಯಾಗಿ ವಿಂಗಡಿಸಿ, ಅವುಗಳನ್ನು ಒಡೆಯನಿಗೆ, ಗುಂಪಿಗೆ, ಉಳಿದವರಿಗೆ ಎಂದು ಹಂಚಿತು. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ತಮ್ಮ ಹೆಸರಾಂತ ಲೇಖನದಲ್ಲಿ ಒಂದು ಸೂತ್ರವನ್ನು ಮಂಡಿಸಿದರು: ಯಾರಿಗೇ ಆಗಲಿ, ಯಾವ ಪ್ರೋಗ್ರಾಮಿಗೇ ಆಗಲಿ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಇರಬೇಕು.

ಓದುವ ಹಕ್ಕನ್ನೂ ಬರೆಯುವ ಹಕ್ಕನ್ನೂ ಬೇರ್ಪಡಿಸಿದ್ದು ಗ್ರಂಥಸಂಪಾದಕನ ಕಣ್ಣಿಗೆ ಬಹಳ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ನಮ್ಮ ಕಾವ್ಯಗಳ ಪ್ರಕ್ಷೇಪಗಳೆಲ್ಲ, ಓದುವ ಹಕ್ಕು ಮಾತ್ರ ಇರಬೇಕಾದವರು ಬರೆಯುವ ಹಕ್ಕನ್ನೂ ತೆಗೆದುಕೊಂಡದ್ದರ ಫಲವಲ್ಲವೇ? ಲಿಪಿಕಾರ ತನಗೆ ತಿಳಿಯದ ಪದವನ್ನು ತಿಳಿದ ಪದಕ್ಕೆ ತಿದ್ದಿದ. ಅಂಚಿನಲ್ಲಿದ್ದ ಟಿಪ್ಪಣಿ ಮುಂದಿನ ಪ್ರತಿಯಲ್ಲಿ ಪದ್ಯದ ಒಳಗೆ ಬಂದು ಕುಳಿತಿತು. ಓಲೆಗೆ ಇಂಥ ಹಕ್ಕುಗಳನ್ನು ವಿಧಿಸುವ ಉಪಾಯವಿರಲಿಲ್ಲ. ಕಂಪ್ಯೂಟರಿಗೆ ಇತ್ತು, ಆದರೆ ಮನೆಗಳಿಗೂ ಕಾಲೇಜುಗಳಿಗೂ ಬಂದ ಕಂಪ್ಯೂಟರುಗಳಲ್ಲಿ ಆ ಉಪಾಯ ಬಹುಕಾಲ ಸೋಮಾರಿಯಾಗಿ ಕುಳಿತಿತ್ತು. ವಿಂಡೋಸ್ 95ರಲ್ಲಿ ಪಾಸ್‌ವರ್ಡ್ ಕೇಳುವ ಚೌಕವನ್ನು ರದ್ದುಮಾಡುವ ಗುಂಡಿಯೊತ್ತಿ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. 2001ರ ವಿಂಡೋಸ್ ಎಕ್ಸ್‌ಪಿಯನ್ನು ಮನೆಯಲ್ಲಿ ಸ್ಥಾಪಿಸಿದಾಗ ತೆರೆಯಲಾಗುತ್ತಿದ್ದ ಖಾತೆಗಳು ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನೇ ಪಡೆದಿರುತ್ತಿದ್ದವು. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ, ವ್ಯವಸ್ಥೆಯನ್ನು ಬದಲಿಸುವ ಕೆಲಸಕ್ಕೆ ಮೊದಲು ಪರದೆಯನ್ನು ಮಬ್ಬುಗೊಳಿಸಿ ಅನುಮತಿ ಕೇಳಲಾರಂಭಿಸಿತು. ಜನ ಅದನ್ನು ಕಿರಿಕಿರಿ ಎಂದು ಬೈದರೂ, ಸಾಲ್ಟ್ಜರ್ ಮತ್ತು ಶ್ರೋಡರರ ಸೂತ್ರ ಸಾಮಾನ್ಯ ಬಳಕೆದಾರನ ಕಣ್ಣೆದುರಿಗೆ ಬಂದದ್ದು ಆ ಮಬ್ಬು ಪರದೆಯಲ್ಲಿ.

ಆ ವರೆಗಿನ ಬೀಗಗಳು ಮುಖ್ಯವಾಗಿ ಕೇಳುತ್ತಿದ್ದ ಪ್ರಶ್ನೆ, ನೀನು ಯಾರು ಎಂಬುದು. ಕಳೆದ ಹತ್ತು ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಮುಂದೆ ಬಂದಿದೆ: ನಿನ್ನ ಹೆಸರಿನಲ್ಲಿ ಕೆಲಸ ಮಾಡುತ್ತಿರುವ ಈ ಪ್ರೋಗ್ರಾಮ್ ಯಾವುದು? 2017ರ ಮೇ 12ರಂದು ಹರಡಲಾರಂಭಿಸಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹಲವು ದೇಶಗಳ ಆಸ್ಪತ್ರೆ, ಕಚೇರಿ, ಕಾರ್ಖಾನೆಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಇಂಥ ತಂತ್ರಾಂಶ ಒಮ್ಮೆ ಒಳಗೆ ಬಂದರೆ ಒಡೆಯನ ಹೆಸರಿನಲ್ಲೇ, ಒಡೆಯನಿಗಿರುವ ಬರೆಯುವ ಹಕ್ಕಿನಿಂದಲೇ ಕಡತಗಳನ್ನು ಕೆಡಿಸಬಲ್ಲದು. ಪ್ರಕ್ಷೇಪಕಾರ ಒಂದು ಪದ್ಯವನ್ನು ಸೇರಿಸುತ್ತಿದ್ದ; ಇದು ಇಡೀ ಭಂಡಾರವನ್ನು ಓದಲಾಗದಂತೆ ಮಾಡುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಸೇರಿದ ನಿಯಂತ್ರಿತ ಫೋಲ್ಡರ್ ಪ್ರವೇಶ ಎಂಬ ಸೌಲಭ್ಯ, ನಾವು ಗುರುತಿಸಿದ ಫೋಲ್ಡರುಗಳೊಳಗೆ ನಂಬಿಕೆಯ ಪಟ್ಟಿಯಲ್ಲಿಲ್ಲದ ಪ್ರೋಗ್ರಾಮುಗಳು ಬದಲಾವಣೆ ಮಾಡದಂತೆ ತಡೆಯುತ್ತದೆ. ಅದು ತಾನಾಗಿ ಚಾಲನೆಯಲ್ಲಿರುವುದಿಲ್ಲ. ನಾವೇ ಹೋಗಿ ಚಾಲೂ ಮಾಡಬೇಕು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಮೊದಲ್ಗೊಂಡು ಆಪಲ್ ಯಂತ್ರಗಳೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನು ಮುಟ್ಟುವ ಮುನ್ನ ಪ್ರೋಗ್ರಾಮುಗಳು ಅಪ್ಪಣೆ ಪಡೆಯಬೇಕೆಂದು ವಿಧಿಸಿದವು. ಕನ್ನಡ ಟೈಪಿಂಗಿಗೆಂದು ಎಲ್ಲೆಲ್ಲಿಂದಲೋ ಇಳಿಸಿಕೊಂಡ ತಂತ್ರಾಂಶಗಳೂ, ವಿಭಾಗದಿಂದ ಝೆರಾಕ್ಸ್ ಅಂಗಡಿಗೆ, ಅಂಗಡಿಯಿಂದ ವಿಭಾಗಕ್ಕೆ ತಿರುಗುವ ಪೆನ್‌ಡ್ರೈವುಗಳೂ ತುಂಬಿರುವ ನಮ್ಮ ಲೋಕಕ್ಕೆ ಈ ಪ್ರಶ್ನೆ ತೀರ ಅಗತ್ಯವಾದದ್ದು.

ಇನ್ನೊಂದು ಬದಲಾವಣೆ ಇದಕ್ಕಿಂತ ಆಳವಾದದ್ದು. ಮೊದಲಿನ ಬೀಗ ಬಾಗಿಲಿಗೆ ಇತ್ತು. ಬಾಗಿಲನ್ನು ಬಿಟ್ಟು ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಕಡತಗಳು ಸಿಗುತ್ತಿದ್ದವು. ಈಗ ಡಿಸ್ಕಿನ ಪ್ರತಿಯೊಂದು ಅಕ್ಷರವೂ ಗೂಢಲಿಪಿಯಲ್ಲಿರುತ್ತದೆ. ವಿಸ್ಟಾದ ಕಾಲದಲ್ಲಿ ಬಂದ ಬಿಟ್‌ಲಾಕರ್, ಆಪಲ್ ಯಂತ್ರಗಳ ಫೈಲ್‌ವಾಲ್ಟ್ ಮಾಡುವುದು ಇದನ್ನೇ. 2021ರ ವಿಂಡೋಸ್ 11, ಕೀಲಿಗಳನ್ನು ಕಾಯ್ದಿಡುವ ಟಿಪಿಎಂ ಎಂಬ ಭದ್ರತಾ ಚಿಪ್ಪು ಯಂತ್ರದಲ್ಲಿರಬೇಕೆಂದು ನಿಯಮ ಮಾಡಿತು. 2024ರ ಅದರ ಪರಿಷ್ಕೃತ ಆವೃತ್ತಿಯಲ್ಲಿ, ಹೊಸದಾಗಿ ಸ್ಥಾಪಿಸಿದ ಯಂತ್ರಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಗೂಢಲಿಪೀಕರಣ ತಾನಾಗಿಯೇ ಜಾರಿಗೆ ಬರುವ ಯಂತ್ರಗಳ ವ್ಯಾಪ್ತಿ ಇನ್ನಷ್ಟು ಹಿಗ್ಗಿತು. 48 ಅಂಕಿಗಳ ಮರುಪ್ರಾಪ್ತಿ ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಜೊತೆಗೆ ಬೆರಳಚ್ಚು, ಮುಖಚಹರೆ, ಆ ಒಂದು ಯಂತ್ರಕ್ಕಷ್ಟೇ ಸಲ್ಲುವ ಪಿನ್ ಸಂಖ್ಯೆ ಬಂದಿವೆ. ಪಾಸ್‌ವರ್ಡನ್ನೇ ಬಿಟ್ಟುಬಿಡುವ ಪಾಸ್‌ಕೀ ಪದ್ಧತಿಗೆ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಒಟ್ಟಾಗಿ ಬೆಂಬಲ ಘೋಷಿಸಿವೆ. ಅದರಲ್ಲಿ ಗುಟ್ಟಿನ ಕೀಲಿ ನಮ್ಮ ಬಳಿಯೇ ಉಳಿದು, ಎದುರಿನವರಿಗೆ ಹೋಗುವುದು ಬಹಿರಂಗ ಕೀಲಿ ಮಾತ್ರ. ಕಳ್ಳನ ದೃಷ್ಟಿಯಿಂದ ನೋಡಿದರೆ ಇವೆಲ್ಲ ಉತ್ತಮವಾದ ಏರ್ಪಾಡುಗಳು. ವಾರಸುದಾರನ ದೃಷ್ಟಿಯಿಂದ ನೋಡಿದಾಗ ಪ್ರಶ್ನೆ ಏಳುತ್ತದೆ.

ನನಗಿಂತ ಹಿರಿಯರಾದ ವಿದ್ವಾಂಸರೊಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಚಂಪೂಕಾವ್ಯವೊಂದರ ಹಲವು ಪ್ರತಿಗಳನ್ನು ಅವರು ನಿವೃತ್ತಿಯ ನಂತರವೂ ತಾಳೆನೋಡುತ್ತಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ ಆ ಲ್ಯಾಪ್‌ಟಾಪನ್ನು ನನ್ನ ಬಳಿಗೆ ತಂದು, "ಮೇಷ್ಟ್ರೇ, ಇದರಲ್ಲಿರೋದು ನಿಮ್ಮಂಥವರಿಗೆ ಉಪಯೋಗಕ್ಕೆ ಬರಬೇಕು ಅಂತ ಅಪ್ಪ ಹೇಳ್ತಿದ್ದರು" ಎಂದರು. ಯಂತ್ರ ತೆರೆಯುತ್ತಿದ್ದದ್ದು ಅವರ ಬೆರಳಿಗೆ. ಪಿನ್ ಸಂಖ್ಯೆ ಮನೆಯವರಿಗೆ ಗೊತ್ತಿರಲಿಲ್ಲ. ಮರುಪ್ರಾಪ್ತಿ ಕೀಲಿಯನ್ನು ಹುಡುಕಲು ಖಾತೆಯೊಳಗೆ ಹೋಗಬೇಕು. ಖಾತೆಯೊಳಗೆ ಹೋಗಲು ಅವರ ಮೊಬೈಲಿಗೆ ಬರುವ ಸಂಖ್ಯೆ ಬೇಕು. ಆ ಸಿಮ್ಮನ್ನು ಮನೆಯವರು, ಎಲ್ಲರೂ ಮಾಡುವಂತೆ, ರದ್ದು ಮಾಡಿಸಿದ್ದರು. ಕಂಪ್ಯೂಟರ್ ರಿಪೇರಿಯ ಹುಡುಗ ಡಿಸ್ಕನ್ನು ಬಿಚ್ಚಿ ನೋಡಿ, "ಸರ್, ಎಲ್ಲ ಇದೆ, ಆದರೆ ಓದೋಕೆ ಆಗಲ್ಲ" ಎಂದ. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಬೀಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಉಳಿದದ್ದು ಅವರ ಹಳೆಯ ಮೂರು ನೋಟುಪುಸ್ತಕಗಳು. ಕಾವ್ಯದ ನಾಲ್ಕನೆಯ ಆಶ್ವಾಸದ ನಡುವಿಗೆ ಅವು ನಿಲ್ಲುತ್ತವೆ.

ಗೆದ್ದಲು ತಿಂದ ಓಲೆಯಲ್ಲಿಯೂ ಅರ್ಧ ಪದ್ಯ ಉಳಿಯುತ್ತದೆ. ಅರ್ಥವಾಗದ ಲಿಪಿಯನ್ನು ಮುಂದಿನ ತಲೆಮಾರು ಓದಿಕೊಳ್ಳುತ್ತದೆ. ಗೂಢಲಿಪಿಗೆ ಆ ಕರುಣೆಯಿಲ್ಲ. ಕೀಲಿ ಇದ್ದರೆ ಇಡೀ ಗ್ರಂಥ, ಇಲ್ಲದಿದ್ದರೆ ಒಂದು ಅಕ್ಷರವೂ ಇಲ್ಲ. ಈ ಕಾರಣದಿಂದ ಬೀಗಗಳನ್ನು ತೆಗೆದುಬಿಡೋಣವೆಂದು ನಾನು ಹೇಳಲಾರೆ. ಮನೆತನದವರು ನಂಬಿ ಕೊಟ್ಟ ಹಸ್ತಪ್ರತಿಗಳ ಚಿತ್ರಗಳು, ಕ್ಷೇತ್ರಕಾರ್ಯದಲ್ಲಿ ಜನ ಹೇಳಿದ ಖಾಸಗಿ ಸಂಗತಿಗಳು ನಮ್ಮ ಯಂತ್ರಗಳಲ್ಲಿವೆ. ಅವನ್ನು ಕಾಯುವುದು ಕರ್ತವ್ಯ. ಆದರೆ ಹೊರಗಿನವನನ್ನು ತಡೆಯುವ ಅರ್ಧ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತಿರುವಾಗ, ಅರ್ಹನನ್ನು ಒಳಗೆ ಬಿಡುವ ಇನ್ನರ್ಧ ಕೆಲಸ ನಮ್ಮ ಪಾಲಿಗೆ ಬಂದಿದೆ. ಮುಂದಿನ ಓದುಗ ಯಾರೆಂಬುದನ್ನು ತಾನಾಗಿ ಬಲ್ಲ ಯಂತ್ರವಿಲ್ಲ.

ವಿಭಾಗದ ಮಟ್ಟದಲ್ಲಿ ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡಿನಿಂದ ಅಡ್ಮಿನಿಸ್ಟ್ರೇಟರ್ ಆಗಿ ಕೂರುವ ಪದ್ಧತಿಯನ್ನು ಬಿಟ್ಟು, ಪ್ರತಿಯೊಬ್ಬ ಸಂಶೋಧಕನಿಗೆ ಸಾಮಾನ್ಯ ಖಾತೆಯನ್ನು ತೆರೆಯಬಹುದು. ಹಸ್ತಪ್ರತಿಗಳ ಮೂಲಚಿತ್ರಗಳಿರುವ ಫೋಲ್ಡರಿನಲ್ಲಿ ಎಲ್ಲರಿಗೂ ಓದುವ ಹಕ್ಕನ್ನು, ಒಬ್ಬರಿಗೆ ಮಾತ್ರ ಬರೆಯುವ ಹಕ್ಕನ್ನು ಇಡಬಹುದು. ಅದರ ಪ್ರತಿಯೊಂದನ್ನು ಯಂತ್ರಕ್ಕೆ ಸದಾ ಜೋಡಿಸಿರದ ಹಾರ್ಡ್‌ಡಿಸ್ಕಿನಲ್ಲಿ ಬೀರುವಿನೊಳಗೆ ಇಡಬಹುದು. ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಅಚ್ಚುಹಾಕಿ, ಲಕೋಟೆಯಲ್ಲಿಟ್ಟು ಮೊಹರು ಮಾಡಿ, ದಾಸ್ತಾನು ಪುಸ್ತಕದಲ್ಲಿ ನಮೂದಿಸಬಹುದು. ಮನೆಯ ಯಂತ್ರದ ಕೀಲಿ ಬ್ಯಾಂಕಿನ ಪಾಸ್‌ಪುಸ್ತಕದ ಜೊತೆಗೆ ಇರಬೇಕಾದದ್ದು. ಮನೆಯವರೊಬ್ಬರಿಗೂ ಶಿಷ್ಯರೊಬ್ಬರಿಗೂ ಅದು ಎಲ್ಲಿದೆ ಎಂಬುದು ತಿಳಿದಿರಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗುತ್ತದೆ. ನಮ್ಮ ಕ್ಷೇತ್ರದಲ್ಲಿ ಭದ್ರತೆಯ ಹೆಸರಿನಲ್ಲಿ ಜಿಪುಣತನವೂ ನಡೆದುಬಂದಿದೆ. ತಾವು ಪ್ರಕಟಿಸದ, ಇತರರಿಗೆ ತೋರಿಸದ ಪ್ರತಿಗಳ ಮೇಲೆ ದಶಕಗಟ್ಟಲೆ ಕುಳಿತವರನ್ನು ನಾವು ಕಂಡಿದ್ದೇವೆ. ಅಂಥವರ ಕಾಲದಲ್ಲಿ ಬೀರುವಿಗೆ ಒಂದು ಬೀಗವಿತ್ತು; ಅವರ ನಂತರ ಅದನ್ನು ಯಾರಾದರೂ ಒಡೆಯಬಹುದಿತ್ತು. ಇಂದಿನ ಜಿಪುಣನ ಬೀಗವನ್ನು ಅವನ ನಂತರ ಯಾರೂ ಒಡೆಯಲಾರರು. ಹೊಸ ತಂತ್ರಾಂಶ ಒಳ್ಳೆಯ ಕಾವಲುಗಾರನಿಗೆ ಎಷ್ಟು ಬಲ ಕೊಟ್ಟಿದೆಯೋ ಕೆಟ್ಟ ಕಾವಲುಗಾರನಿಗೂ ಅಷ್ಟೇ ಬಲ ಕೊಟ್ಟಿದೆ.

ಮಹಾಪ್ರಬಂಧಗಳಲ್ಲಿ ಆಕರಪ್ರತಿಗಳ ವಿವರಣೆಗೆಂದು ಒಂದು ಅಧ್ಯಾಯವಿರುತ್ತದೆ: ಓಲೆಯ ಉದ್ದಗಲ, ಗರಿಗಳ ಸಂಖ್ಯೆ, ಪುಟಕ್ಕೆ ಎಷ್ಟು ಸಾಲು, ಪ್ರತಿ ಎಲ್ಲಿದೆ, ಯಾರ ವಶದಲ್ಲಿದೆ. ಈಚೆಗೆ ನನ್ನ ಮಾರ್ಗದರ್ಶನದ ವಿದ್ಯಾರ್ಥಿಗಳಿಗೆ ಅಲ್ಲಿ ಇನ್ನೂ ಮೂರು ಸಾಲುಗಳನ್ನು ಬರೆಯಲು ಹೇಳುತ್ತಿದ್ದೇನೆ. ಈ ಪ್ರತಿಯ ಚಿತ್ರಗಳು ಯಾವ ಯಂತ್ರದಲ್ಲಿವೆ, ಅವನ್ನು ಓದುವ ಮತ್ತು ತಿದ್ದುವ ಹಕ್ಕು ಯಾರಿಗಿದೆ, ನಾನಿಲ್ಲದಾಗ ಅವನ್ನು ತೆರೆಯುವವರು ಯಾರು. ಮೂರನೆಯ ಸಾಲನ್ನು ಬರೆಯುವಾಗ ಇಪ್ಪತ್ತೈದರ ಹರೆಯದ ಹುಡುಗ ಹುಡುಗಿಯರು ನಗುತ್ತಾರೆ. ಆದರೂ ಬರೆಯುತ್ತಾರೆ.